ಹಳೆಯ ಜೀಪನ್ನು ಕೊಳ್ಳುವ ಮುನ್ನ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದ ರೈತನು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಮಾರು ನಡೆಸಿ ಹಿಂದಿನಿಂದ ಕಾಲಿನ ಓಟ ಗಮನಿಸುತ್ತಾನೆ. ಇಷ್ಟೆಲ್ಲ ಆಗದೆ ಟವಲಿನ ಕೆಳಗೆ ದಲ್ಲಾಳಿಯ ಕೈ ಹಿಡಿಯುವುದಿಲ್ಲ. ಅದೇ ರೈತನು ಹಳೆಯ ಜೀಪು ಕೊಳ್ಳಲು ಹೋದಾಗ ಬಣ್ಣ ನೋಡಿ, ಹಾರನ್ ಒತ್ತಿ, ಟಾರು ರಸ್ತೆಯ ಮೇಲೆ ಒಂದು ಸುತ್ತು ಓಡಿಸಿ ಹಣ ಎಣಿಸಿಬಿಡುತ್ತಾನೆ. ಎತ್ತಿನಲ್ಲಿ ಮೋಸಹೋದರೆ ಒಂದು ವರ್ಷದ ಬೇಸಾಯ ಹಿಂದೆ ಬೀಳಬಹುದು. ಜೀಪಿನಲ್ಲಿ ಮೋಸಹೋದರೆ ಎರಡು ಮೂರು ವರ್ಷದ ಮೆಣಸಿನ ಹಣ ಹೋಗುವುದಲ್ಲದೆ, ತೋಟದ ಇಳಿಜಾರಿನಲ್ಲಿ ಕುಳಿತವರ ಜೀವಕ್ಕೂ ಅಪಾಯ ಉಂಟು. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಲೇಸು.

ನಮ್ಮ ಹಳ್ಳಿಗಳಿಗೆ ಜೀಪು ಹೊಸದಲ್ಲ. 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದ ಮೇಲೆ ಎಷ್ಟೋ ಊರುಗಳ ಜನ ಮೊದಲು ಕಂಡ ಮೋಟಾರು ವಾಹನವೆಂದರೆ ಬ್ಲಾಕಿನ ಅಧಿಕಾರಿಗಳು ಬಂದ ಜೀಪು. ಅದಕ್ಕೂ ಕೊಂಚ ಮೊದಲು, 1940ರ ದಶಕದ ಕೊನೆಯಲ್ಲಿ, ಮಹೀಂದ್ರ ಕಂಪನಿಯವರು ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದ್ದರು. ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ ಎಂಬ ಮಾದರಿ ಆ ಕಾಲದ್ದು. ಅದರ ಪೆಟ್ರೋಲ್ ಎಂಜಿನ್ ಎತ್ತರವಾಗಿದ್ದುದರಿಂದಲೇ ಬಾನೆಟ್ಟನ್ನೂ ಎತ್ತರ ಮಾಡಬೇಕಾಯಿತು. ಈಗ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಮಡಿಕೇರಿಯ ಕಡೆ ಮಾರಾಟಕ್ಕೆ ಬರುವುದರಲ್ಲಿ ಹೆಚ್ಚಿನವು 1980 ಮತ್ತು 90ರ ದಶಕಗಳ ಡೀಸೆಲ್ ಜೀಪುಗಳು. ಎಂ.ಎಂ. 540 ಅವುಗಳಲ್ಲಿ ಹೆಸರಾದದ್ದು. ಕೆಲವಕ್ಕೆ 2112 ಸಿ.ಸಿ.ಯ ಪ್ಯೂಜೋ ಎಂಜಿನ್, ಕೆಲವಕ್ಕೆ 2523 ಸಿ.ಸಿ.ಯ ಡಿ.ಐ. ಎಂಜಿನ್. ಡಿ.ಐ. ಎಂಜಿನ್ ಮುಂದೆ ಬೊಲೆರೊ ಗಾಡಿಗೂ ಬಂದದ್ದರಿಂದ ಅದರ ಬಿಡಿಭಾಗಗಳು ಸುಲಭವಾಗಿ ದೊರೆಯುತ್ತವೆ, ಊರಿನ ಮೇಸ್ತ್ರಿಗೂ ಅದರ ಕೈವಾಡ ಗೊತ್ತು. ದುಡಿಮೆಗೆ ಕೊಳ್ಳುವವರು ಇದನ್ನು ಆರಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ಸೈನ್ಯದಿಂದ ಹೊರಬಂದ ಜೋಂಗಾ ಗಾಡಿಗೆ ಮರುಳಾಗುವವರೂ ಇದ್ದಾರೆ. ಆರು ಸಿಲಿಂಡರಿನ ಆ ಪೆಟ್ರೋಲ್ ಎಂಜಿನ್ ತೂಬು ತೆರೆದ ಕೆರೆಯಂತೆ ಎಣ್ಣೆ ಖಾಲಿ ಮಾಡುತ್ತದೆ. 1999ರಲ್ಲಿಯೇ ಅದರ ತಯಾರಿಕೆ ನಿಂತಿದೆ. ಅದು ಶೋಕಿಗೆ ಸರಿ, ಗೊಬ್ಬರ ಹೊರಲು ಅಲ್ಲ.

ಕೊಳ್ಳುವ ಮೊದಲು ಮನೆಯಲ್ಲಿ ಕುಳಿತು ಒಂದು ಲೆಕ್ಕ ಮಾಡಿರಿ. ವರ್ಷದಲ್ಲಿ ಎಷ್ಟು ದಿನ ನಿಮಗೆ ನಾಲ್ಕು ಚಕ್ರವೂ ಎಳೆಯುವ ಗಾಡಿ ಬೇಕು? ಮಳೆಗಾಲದಲ್ಲಿ ಮನೆಯಿಂದ ಟಾರು ರಸ್ತೆಗೆ ಬರಲು ಬೇರೆ ದಾರಿಯೇ ಇಲ್ಲದವರಿಗೆ, ರಾತ್ರಿ ಬಸುರಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದವರಿಗೆ ಈ ಪ್ರಶ್ನೆ ಇಲ್ಲ. ಅವರಿಗೆ ಜೀಪು ಬೇಕೇ ಬೇಕು. ಕೊಯ್ಲಿನ ಇಪ್ಪತ್ತು ದಿನಕ್ಕೆ ಮಾತ್ರ ಬೇಕಾದವರು ಬಾಡಿಗೆಗೆ ತರಿಸುವುದು ಅಗ್ಗ. ಬಯಲುಸೀಮೆಯ ಕಪ್ಪು ಮಣ್ಣಿನವರಿಗೆ ಟ್ರಾಕ್ಟರ್ ಮಾಡದ ಯಾವ ಕೆಲಸವನ್ನು ಜೀಪು ಮಾಡುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ನನ್ನ ಕೈ ಸುಟ್ಟ ಬಗೆ

ನಾನು 2006ರಲ್ಲಿ ಒಂದು ಎಂ.ಎಂ. 540 ಕೊಂಡೆ. ಮೆಣಸು ಮಾರಿದ ಹಣ ಕೈಯಲ್ಲಿತ್ತು. ಹೇಳಿದ ಬೆಲೆ ರೂ. 1,35,000. ದಲ್ಲಾಳಿ ಗಾಡಿಯನ್ನು ತೊಳೆದು ನಿಲ್ಲಿಸಿದ್ದ. ಹಸಿರು ಬಣ್ಣ ಹೊಸದು, ಸೀಟು ಹೊಸದು, ಅಡಿಯಲ್ಲೆಲ್ಲ ಕಪ್ಪಗೆ ಡಾಂಬರು ಬಳಿದಿತ್ತು. "ತುಕ್ಕು ಹಿಡಿಯದಿರಲಿ ಎಂದು ಬಳಿಸಿದ್ದೇನೆ ಅಣ್ಣಾ" ಎಂದ. ನಾನು ಮೆಚ್ಚಿ ತಲೆದೂಗಿದೆ.

ಮುಂದಿನ ಜುಲೈ ತಿಂಗಳಿನಲ್ಲಿ ಆರು ಮೂಟೆ ಗೊಬ್ಬರ ಹೇರಿಕೊಂಡು ತೋಟದ ಇಳಿಜಾರು ಇಳಿಯುತ್ತಿದ್ದಾಗ ಮುಂದಿನ ಎಡಗಡೆ 'ಟಕ್' ಎಂದು ಸದ್ದಾಯಿತು. ಸ್ಟೀರಿಂಗು ಕೈ ಬಿಡಿಸಿಕೊಂಡು ತಾನಾಗಿ ತಿರುಗಿತು. ಪಕ್ಕದಲ್ಲಿ ನನ್ನ ತಮ್ಮನ ಮಗ ಕುಳಿತಿದ್ದ, ಎಂಟು ವರ್ಷದವನು. ಗಾಡಿ ಒಂದು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಆ ಮರ ಅಲ್ಲಿಲ್ಲದಿದ್ದರೆ ಕೆಳಗೆ ಹಳ್ಳ. ಮೇಸ್ತ್ರಿ ಬಂದು ಡಾಂಬರು ಕೆರೆದು ನೋಡಿದಾಗ, ಸ್ಪ್ರಿಂಗ್ ಕಟ್ಟು ಚಾಸಿಗೆ ಕೂಡುವ ಕಡೆ ಕಬ್ಬಿಣವೇ ಉಳಿದಿರಲಿಲ್ಲ. ತುಕ್ಕು ತಿಂದ ಜಾಗಕ್ಕೆ ತಗಡು ಮುಚ್ಚಿ, ಮೇಲೆ ಬೆಸುಗೆ ಹಾಕಿ, ಅದರ ಮೇಲೆ ಡಾಂಬರು ಬಳಿದಿದ್ದರು.

ಗಾಡಿಯನ್ನು ಮಾರಿಬಿಡೋಣವೆಂದು ಹೊರಟಾಗ ಎರಡನೆಯ ಪೆಟ್ಟು ಬಿತ್ತು. ಆರ್.ಸಿ. ಪುಸ್ತಕ ನನ್ನ ಹೆಸರಿಗೆ ಆಗಿರಲಿಲ್ಲ. ದಲ್ಲಾಳಿ ಕೊಟ್ಟಿದ್ದ ಸಹಿ ಮಾಡಿದ ನಮೂನೆಗಳನ್ನು ನಾನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದೆ, ಅಷ್ಟೇ. ವಿಚಾರಿಸಿದರೆ ಪುಸ್ತಕದಲ್ಲಿದ್ದ ಮಾಲೀಕರು ನಾನು ಕೊಳ್ಳುವ ಮೊದಲೇ ತೀರಿಕೊಂಡಿದ್ದರು. ಹಾಗಾದರೆ ಸಹಿ ಯಾರದು? ಅವರ ಮೂವರು ಮಕ್ಕಳು ಮೂರು ಊರಿನಲ್ಲಿ. ಅವರನ್ನು ಕಂಡು, ಒಪ್ಪಿಸಿ, ಮೊದಲು ಅವರ ಹೆಸರಿಗೂ ಆಮೇಲೆ ನನ್ನ ಹೆಸರಿಗೂ ಮಾಡಿಸಲು ಎರಡು ವರ್ಷ ಹಿಡಿಯಿತು. ದೋಷ ದಲ್ಲಾಳಿಯದು ನಿಜ. ಆದರೆ ಡಾಂಬರು ಕೆರೆಯದೆ ಇದ್ದದ್ದು ನಾನು, ಕಾಗದ ಓದದೆ ಇದ್ದದ್ದೂ ನಾನು.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಜೀಪಿನಲ್ಲಿ ಎರಡು ವಸ್ತುಗಳನ್ನು ಕೊಳ್ಳುತ್ತೀರಿ, ಚಾಸಿ ಮತ್ತು ಕಾಗದ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್ ಬಾಕ್ಸಿಗೆ ಹಲ್ಲು ಹಾಕಿಸಬಹುದು, ಬಾಡಿಯ ತಗಡು ಬದಲಾಯಿಸಬಹುದು. ಚಾಸಿ ಕೊಳೆತಿದ್ದರೆ, ಕಾಗದ ಸುಳ್ಳಾಗಿದ್ದರೆ, ಗಾಡಿ ಪುಕ್ಕಟೆ ಕೊಟ್ಟರೂ ದುಬಾರಿ.

ಚಾಸಿ ನೋಡುವ ಕ್ರಮ

ಒಂದು ತಂತಿ ಬ್ರಷ್ಷು, ಒಂದು ಸಣ್ಣ ಸುತ್ತಿಗೆ, ಒಂದು ಟಾರ್ಚು, ಮಲಗಲು ಗೋಣಿಚೀಲ: ಇವನ್ನು ಮನೆಯಿಂದಲೇ ಒಯ್ಯತಕ್ಕದ್ದು. ಹಗಲು ಹೊತ್ತಿನಲ್ಲಿ, ಮಳೆ ಇಲ್ಲದಾಗ ಹೋಗಿ. ಒದ್ದೆಯಾದ ಗಾಡಿಯ ಬಣ್ಣವೆಲ್ಲ ಒಂದೇ ಹೊಳಪು ಕೊಡುತ್ತದೆ, ತೇಪೆ ಕಾಣುವುದಿಲ್ಲ.

ಗಾಡಿಯ ಕೆಳಗೆ ಮಲಗಿ ಚಾಸಿಯ ಎರಡು ಉದ್ದದ ತೊಲೆಗಳನ್ನು ಮುಂದಿನಿಂದ ಹಿಂದಿನವರೆಗೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ 'ಠಣ್' ಎನ್ನುತ್ತದೆ. ಕೊಳೆತ ಕಡೆ, ಹುಳು ಹಿಡಿದ ಮರದ ಹಾಗೆ, 'ದಬ್' ಎಂಬ ಸದ್ದು. ಕಿವಿಯೇ ಹೇಳುತ್ತದೆ, ಓದು ಬೇಡ. ಸ್ಪ್ರಿಂಗ್ ಕಟ್ಟುಗಳು ಕೂಡುವ ಎಂಟು ಜಾಗಗಳು, ಹಿಂದಿನ ಅಡ್ಡತೊಲೆ, ಬಾಡಿ ಬೋಲ್ಟು ಕೂರುವ ಜಾಗಗಳು, ಇವುಗಳನ್ನು ವಿಶೇಷವಾಗಿ ನೋಡತಕ್ಕದ್ದು. ಕೆಸರು ಸೇರಿ ಒಣಗದೆ ನಿಲ್ಲುವುದು ಅಲ್ಲಿಯೇ. ಡಾಂಬರು ಬಳಿದಿದ್ದರೆ ನಾಲ್ಕು ಕಡೆ ಕೆರೆಯಲು ಅಪ್ಪಣೆ ಕೇಳಿ. ಮಾಲೀಕ ಒಪ್ಪದಿದ್ದರೆ ಕಾಫಿ ಕುಡಿದು ನಮಸ್ಕಾರ ಹೇಳಿ ಬನ್ನಿ. ಬೆಸುಗೆ ಕಂಡ ಮಾತ್ರಕ್ಕೆ ಗಾಡಿ ಕೆಟ್ಟದ್ದಲ್ಲ. ಮೂವತ್ತು ವರ್ಷ ದುಡಿದ ಗಾಡಿಗೆ ಒಂದೆರಡು ಬೆಸುಗೆ ಇದ್ದೇ ಇರುತ್ತದೆ. ಬೆಸುಗೆಯ ಗೆರೆ ಸಮನಾಗಿದೆಯೇ, ಸುತ್ತಲಿನ ಕಬ್ಬಿಣ ದಪ್ಪವಾಗಿದೆಯೇ ಎಂಬುದು ಮುಖ್ಯ.

ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಈ ಹೊತ್ತಿನಲ್ಲೇ ಓದಿಕೊಳ್ಳಿ. ಅಕ್ಷರಗಳು ಒಂದೇ ಆಳ, ಒಂದೇ ಸಾಲಿನಲ್ಲಿರಬೇಕು. ಸಂಖ್ಯೆ ಇರುವ ತುಂಡನ್ನೇ ಬೇರೆ ಗಾಡಿಯಿಂದ ಕತ್ತರಿಸಿ ತಂದು ಬೆಸೆದಿರುವುದು ಉಂಟು. ಸುತ್ತ ಚೌಕಾಕಾರದ ಬೆಸುಗೆ ಕಂಡರೆ ಅಲ್ಲಿಗೆ ವ್ಯಾಪಾರ ನಿಲ್ಲಿಸಿ. ಎಂಜಿನ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಬೇರೆ ಎಂಜಿನ್ ಕೂರಿಸಿದ್ದರೆ ಅದು ಆರ್.ಸಿ.ಯಲ್ಲಿ ನಮೂದಾಗಿರಬೇಕು.

ಉತ್ತರದ ಕಡೆಯಿಂದ ಬರುವ ಹೊಳೆಯುವ ಜೀಪುಗಳ ಬಗ್ಗೆ ಇಲ್ಲಿ ಒಂದು ಮಾತು. ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಜೀಪು ಕಟ್ಟುವುದಕ್ಕೆ ದೇಶದಲ್ಲೆಲ್ಲ ಹೆಸರಾಗಿದೆ. ಅಲ್ಲಿನ ಕೆಲಸಗಾರರ ಕೈಚಳಕಕ್ಕೆ ಕೈ ಮುಗಿಯಬೇಕು. ಆದರೆ ಹೊಸದಾಗಿ ಕಟ್ಟಿದ ಗಾಡಿಗೆ ಗುಜರಿಗೆ ಹೋದ ಗಾಡಿಯ ಕಾಗದ ಜೋಡಿಸಿ ಮಾರುವವರು ಈ ವ್ಯಾಪಾರದಲ್ಲಿದ್ದಾರೆ. ಕಾಗದ ಹೇಳುವ ಗಾಡಿಯೇ ಬೇರೆ, ಕಣ್ಣಿಗೆ ಕಾಣುವ ಗಾಡಿಯೇ ಬೇರೆ. ಮೋಟಾರು ವಾಹನ ಕಾನೂನಿನ 52ನೆಯ ಕಲಮಿನಂತೆ, ತಯಾರಕರು ಮಾಡಿದ ಮೂಲರೂಪವನ್ನು ಮನಬಂದಂತೆ ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ದಪ್ಪ ಟೈರು, ಎತ್ತರಿಸಿದ ಸ್ಪ್ರಿಂಗು ನೋಡಲು ಚೆಂದ. ದಾರಿಯಲ್ಲಿ ತಡೆದು ನಿಲ್ಲಿಸಿದಾಗ ದಂಡ ತೆರುವವರು ಮಾತ್ರ ನೀವು. ಈ ಜೀಪುಗಳಿಗೆ ಹುಟ್ಟಿನಿಂದ ಬಂದದ್ದು 6.00-16 ಅಳತೆಯ ಸಪೂರ ಟೈರು. ಕೆಸರನ್ನು ಸೀಳಿ ಗಟ್ಟಿ ನೆಲ ಹಿಡಿಯಲು ತೋಟದ ದಾರಿಯಲ್ಲಿ ಅದೇ ಸಾಕು.

ನಾಲ್ಕು ಚಕ್ರವೂ ಎಳೆಯುತ್ತಿವೆಯೇ?

'ಫೋರ್ ವೀಲ್' ಎಂದು ಹೇಳಿ ಮಾರುವ ಗಾಡಿಗಳಲ್ಲಿ ಎಷ್ಟೋ ಎರಡೇ ಚಕ್ರದಲ್ಲಿ ಎಳೆಯುತ್ತವೆ. ಹಾಗೆ ತಯಾರಾದ ಜೀಪುಗಳೂ ಉಂಟು. ಕೆಟ್ಟುಹೋದ ಮುಂದಿನ ಶಾಫ್ಟನ್ನು ಬಿಚ್ಚಿ ಮೂಲೆಗೆ ಹಾಕಿದವೂ ಉಂಟು. ಟಾರು ರಸ್ತೆಯ ಮೇಲೆ ಓಡಿಸಿದರೆ ಇದು ತಿಳಿಯುವುದಿಲ್ಲ. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. ಮುಂದಿನ ಚಕ್ರದ ನಡುವೆ ತಿರುಗಿಸುವ ಬೀಗದಂಥ ಹಬ್ ಇದ್ದರೆ ಎರಡೂ ಕಡೆಯದನ್ನು 'ಲಾಕ್' ಮಾಡಿ. ಸಣ್ಣ ಗೇರನ್ನು ಎರಡು ಚಕ್ರಕ್ಕೆ ಇಟ್ಟಾಗ, ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿದರೆ ತಿರುಗಬೇಕು, ಕೆಳಗೆ ಮುಂದಿನ ಶಾಫ್ಟೂ ಜೊತೆಗೆ ತಿರುಗಬೇಕು. ಈಗ ನಾಲ್ಕು ಚಕ್ರಕ್ಕೆ ಹಾಕಿ ತಿರುಗಿಸಿ ನೋಡಿ. ಸ್ವಲ್ಪ ಆಡಿ ಗಕ್ಕನೆ ನಿಲ್ಲಬೇಕು. ಆಗಲೂ ಸಲೀಸಾಗಿ ತಿರುಗಿದರೆ ಒಳಗೆ ಎಲ್ಲಿಯೋ ಕೊಂಡಿ ತಪ್ಪಿದೆ: ಹಬ್ ಹಿಡಿಯುತ್ತಿಲ್ಲ, ಆಕ್ಸಲ್ ಮುರಿದಿದೆ, ಇಲ್ಲವೆ ಗೇರೇ ಬೀಳುತ್ತಿಲ್ಲ. ಇದೇ ಪರೀಕ್ಷೆಯನ್ನು ಇನ್ನೊಂದು ಕಡೆಯ ಚಕ್ರಕ್ಕೂ ಮಾಡಿ. ಜಾಕ್ ಕೊಟ್ಟಿರುವಾಗ ಯಾರೂ ಗಾಡಿಯ ಕೆಳಗೆ ಕೈಕಾಲು ಚಾಚಕೂಡದು.

ಚಕ್ರ ಮೇಲಿರುವಾಗಲೇ ಅದರ ತಲೆ ಮತ್ತು ಬುಡ ಹಿಡಿದು ಅಲುಗಿಸಿ. ಆಡಿದರೆ ಕಿಂಗ್ ಪಿನ್ ಅಥವಾ ಬೇರಿಂಗು ಸವೆದಿದೆ. ಎಡ ಬಲ ಹಿಡಿದು ಅಲುಗಿಸಿದಾಗ ಆಡಿದರೆ ಟೈ ರಾಡಿನ ಕೊನೆಗಳು ಹೋಗಿವೆ. ಈ ಸವೆತವಿರುವ ಜೀಪು ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳನ್ನು ಗಡಗಡ ನಡುಗಿಸತೊಡಗುತ್ತದೆ, ನಿಲ್ಲಿಸುವವರೆಗೂ ಬಿಡುವುದಿಲ್ಲ. ಸರಿಮಾಡಿಸಲು ಆಗದ ದೋಷವೇನಲ್ಲ, ಬೆಲೆ ಇಳಿಸಲು ಒಳ್ಳೆಯ ಕಾರಣ.

ಕೊನೆಯದಾಗಿ ಗಾಡಿಯನ್ನು ಉತ್ತ ಹೊಲಕ್ಕೋ ಕೆಸರಿನ ದಾರಿಗೋ ಒಯ್ದು, ಲೋ ಗೇರಿನಲ್ಲಿ ನಡೆಸಿ. ಹಳೆಯ ವಿಲ್ಲೀಸ್ ಮಾದರಿಯಲ್ಲಿ ಲೋ ಗೇರು ಎಳೆತವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಎತ್ತು ನೊಗಕ್ಕೆ ಹೆಗಲು ಕೊಟ್ಟಂತೆ ಗಾಡಿ ನಿಧಾನವಾಗಿ, ಬಿಡದೆ ಏರಬೇಕು. ಏರುವಾಗ ಗೇರ್ ಕಳಚಿ ಹೊರಬಿದ್ದರೆ ಒಳಗಿನ ಹಲ್ಲು ಸವೆದಿದೆ. ಒಣ ಟಾರಿನ ಮೇಲೆ ಮಾತ್ರ ನಾಲ್ಕು ಚಕ್ರ ಹಾಕಿ ತಿರುವು ತಿರುಗಿಸಬೇಡಿ. ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕಾಗಿ, ಜಾರಲು ಎಡೆಯಿಲ್ಲದೆ ಒಳಗಿನ ಹಲ್ಲುಗಳು ಹಿಂಡಿಕೊಳ್ಳುತ್ತವೆ. ನಾಲ್ಕು ಟೈರು ನಾಲ್ಕು ಅಳತೆಯದಾಗಿದ್ದರೂ ಇದೇ ಹಿಂಸೆ.

ಎಂಜಿನ್, ಬ್ರೇಕು

ನೀವು ಬರುವ ಮುಂಚೆ ಗಾಡಿಯನ್ನು ಚಾಲೂ ಮಾಡಕೂಡದೆಂದು ಹಿಂದಿನ ದಿನವೇ ಹೇಳಿ ಕಳುಹಿಸಿ. ಹೋದೊಡನೆ ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿ: ನೀರಿನ ಮೇಲೆ ಎಣ್ಣೆಯ ಪರೆ ಇರಬಾರದು. ಅಳತೆಕಡ್ಡಿಯ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿರಬಾರದು. ಡೀಸೆಲ್ ಎಂಜಿನ್ನಿನಲ್ಲಿ ಕಪ್ಪಾಗಿರುವುದು ಸಹಜ. ಚಾಲೂ ಆಗಿ ಕಾದ ಮೇಲೂ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ಒಲೆಯ ಹೊಗೆಯಂತೆ ಬುಸುಬುಸು ಬಂದರೆ ರಿಂಗು, ಲೈನರು ಮುಗಿದಿವೆ. ಹಳೆಯ ಪೆಟ್ರೋಲ್ ಜೀಪು ಕೊಳ್ಳುವವರು ಇನ್ನೊಂದು ತಿಳಿದಿರಬೇಕು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಕೊಳವೆಗಳಿಗೆ ಅದು ಒಗ್ಗುವುದಿಲ್ಲ, ಬಿರುಕು ಬಿಟ್ಟು ಸೋರಬಹುದು. ಅದಕ್ಕೆ ತಾಳುವ ಹೊಸ ಕೊಳವೆ ಹಾಕಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿ.

ಬ್ರೇಕ್ ಪೆಡಲನ್ನು ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲಿಯೋ ಸೋರಿಕೆ. ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆಯ ದಾರಿ; ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಆಗ ಉಳಿಯುವುದು ಹ್ಯಾಂಡ್ ಬ್ರೇಕು ಒಂದೇ. ಆದ್ದರಿಂದ ಏರಿನಲ್ಲಿ ನಿಲ್ಲಿಸಿ ಅದರ ಹಿಡಿತವನ್ನೂ ಪರೀಕ್ಷಿಸತಕ್ಕದ್ದು.

ಇಷ್ಟಕ್ಕೆಲ್ಲ ನಿಮ್ಮ ಕಡೆಯ ಮೇಸ್ತ್ರಿಯನ್ನು ಒಂದು ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ಮಾರುವವನು ತೋರಿಸುವ ಮೇಸ್ತ್ರಿ ಬೇಡ.

ಕಾಗದಪತ್ರ

ಆರ್.ಸಿ.ಯ ಮೇಲಿನ ಹೆಸರು ಮತ್ತು ನಿಮ್ಮೆದುರು ಕುಳಿತವನ ಹೆಸರು ಒಂದೇ ಆಗಿರಬೇಕು. ಗಾಡಿಯ ಸಂಖ್ಯೆ ಗೊತ್ತಿದ್ದರೆ ಸರ್ಕಾರದ ಪರಿವಾಹನ್ ವ್ಯವಸ್ಥೆಯಲ್ಲಿ ಮೊಬೈಲ್ ಫೋನಿನಿಂದಲೇ ನೋಂದಣಿಯ ಅವಧಿ, ವಿಮೆ ಮುಂತಾದ ವಿವರ ನೋಡಬಹುದು. ಮಕ್ಕಳಿಗೆ ಹೇಳಿದರೆ ತೆಗೆದು ತೋರಿಸುತ್ತಾರೆ. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ ಬಹಳ ಏರಿದೆ, ಹಸಿರು ತೆರಿಗೆಯೂ ಉಂಟು. ಅವಧಿ ಮುಗಿದ ಗಾಡಿಯಾದರೆ ಮಾರುವವನೇ ನವೀಕರಿಸಿ ಕೊಡಲಿ. 'ನೀವೇ ಮಾಡಿಸಿಕೊಳ್ಳಿ, ಐದು ಸಾವಿರ ಬಿಡುತ್ತೇನೆ' ಎಂಬ ಮಾತಿಗೆ ಒಲಿಯಬೇಡಿ.

ಬ್ಯಾಂಕಿನ ಸಾಲದ ನಮೂದು ಇದ್ದರೆ ಬ್ಯಾಂಕಿನವರ ಸಹಿಯಿರುವ 35ನೆಯ ನಮೂನೆ ಬೇಕು. ಮಾಲೀಕರು ತೀರಿಕೊಂಡಿದ್ದರೆ ಮೊದಲು 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಹೊರ ರಾಜ್ಯದ ಗಾಡಿಗೆ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ವರ್ಷಕ್ಕಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ಹೊಸ ಸಂಖ್ಯೆ ಪಡೆದು ಇಲ್ಲಿನ ತೆರಿಗೆ ತೆರಬೇಕು. ಸರ್ಕಾರಿ ಇಲಾಖೆಯ ಹಳೆಯ ಜೀಪು ಅಗ್ಗಕ್ಕೆ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ, ಅವು ಗುಜರಿಗೇ ಹೋಗಬೇಕು. ಹಿಂದೆ ನಮ್ಮ ಕಡೆ ಬ್ಲಾಕಿನ ಹರಾಜಿನಲ್ಲಿ ಜೀಪು ಹಿಡಿದು ಇಪ್ಪತ್ತು ವರ್ಷ ಓಡಿಸಿದವರಿದ್ದರು; ಆ ಕಾಲ ಮುಗಿಯಿತು.

ಸಾಮಾನ್ಯ ಮಾರಾಟಕ್ಕೆ 29 ಮತ್ತು 30ನೆಯ ನಮೂನೆಗಳು. ಮಾರುವವನು 14 ದಿನದೊಳಗೆ, ಕೊಳ್ಳುವವನು 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು. ಬರಿ ಸಹಿ ಮಾಡಿದ ಖಾಲಿ ನಮೂನೆಯನ್ನು ತೆಗೆದುಕೊಳ್ಳಕೂಡದು, ಕೊಡಲೂ ಕೂಡದು. ಗಾಡಿ ಮಾರಿದ ಮೇಲೂ ಪುಸ್ತಕದಲ್ಲಿ ನಿಮ್ಮ ಹೆಸರೇ ಇದ್ದು ಅಪಘಾತವಾದರೆ, ಪರಿಹಾರದ ಹೊಣೆ ನಿಮ್ಮ ತಲೆಗೇ ಬರುತ್ತದೆ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಗೆಂದೇ ತೀರ್ಪು ಕೊಟ್ಟಿದೆ. ಮುಂಗಡ ಕೊಡುವಾಗ ರಸೀತಿಯಲ್ಲಿ ಎರಡೂ ಸಂಖ್ಯೆ ಬರೆಸಿ. ಪೂರ್ತಿ ಹಣದಲ್ಲಿ ಒಂದು ಭಾಗವನ್ನು ಹೆಸರು ಬದಲಾಗುವವರೆಗೆ ಹಿಡಿದಿಟ್ಟುಕೊಳ್ಳಲು ಮೊದಲೇ ಮಾತಾಡಿ. ಗಾಡಿ ಕೈಗೆ ಬಂದ ದಿನ ಮಾತ್ರವಲ್ಲ, ಗಂಟೆಯನ್ನೂ ಬರೆದು ಇಬ್ಬರೂ ಸಹಿ ಮಾಡಿ. ಅದಕ್ಕೆ ಮೊದಲಿನ ದಂಡ, ಮೊಕದ್ದಮೆ ಅವರದು.

ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಿ. ಸ್ವಂತ ಬಳಕೆಯ ಬಿಳಿ ಬೋರ್ಡಿನ ಜೀಪಿನಲ್ಲಿ ಬಾಡಿಗೆ ಪಡೆದು ಜನ ಸಾಗಿಸಕೂಡದು. ಕೊಯ್ಲಿನ ಕಾಲದಲ್ಲಿ ಹದಿನೈದು ಆಳುಗಳನ್ನು ತುಂಬಿಕೊಂಡು ಹೋಗುವುದನ್ನು ದಿನವೂ ಕಾಣುತ್ತೇವೆ. ಆರ್.ಸಿ.ಯಲ್ಲಿ ಬರೆದಷ್ಟೇ ಜನರಿಗೆ ಅದು ಆಸನ. ಹೆಚ್ಚು ತುಂಬಿದ ಗಾಡಿ ಮಗುಚಿದರೆ ವಿಮಾ ಕಂಪನಿಯವರು ಕೈ ಒದರಿಕೊಳ್ಳುತ್ತಾರೆ, ಗದ್ದೆ ಮಾರಿ ಪರಿಹಾರ ಕಟ್ಟಬೇಕಾದೀತು.

ಗಾಡಿ ಮನೆಗೆ ಬಂದ ಮೊದಲ ವಾರವೇ ಎಂಜಿನ್, ಗೇರ್ ಬಾಕ್ಸ್, ಮುಂದಿನ ಹಿಂದಿನ ಹೌಸಿಂಗು ಎಲ್ಲದರ ಎಣ್ಣೆ ಬದಲಾಯಿಸಿ. ಬ್ರೇಕಿನ ರಬ್ಬರ್ ಕೊಳವೆಗಳನ್ನು, ನೋಡಲು ಚೆನ್ನಾಗಿದ್ದರೂ, ಹೊಸದಾಗಿ ಹಾಕಿಸಿ. ಗ್ರೀಸು ಹೊಡೆಯುವ ಮೊಳೆಗಳು ಎಷ್ಟಿವೆಯೆಂದು ಮೇಸ್ತ್ರಿಯಿಂದ ಎಣಿಸಿಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಳ್ಳ ದಾಟಿ ಬಂದ ದಿನ ಡ್ರಮ್ಮುಗಳು ಒದ್ದೆಯಾಗಿ ಬ್ರೇಕು ಹಿಡಿಯುವುದಿಲ್ಲ. ಸ್ವಲ್ಪ ದೂರ ಪೆಡಲನ್ನು ಮೆಲ್ಲಗೆ ಒತ್ತಿಕೊಂಡೇ ನಡೆಸಿ, ಆರಿದ ಮೇಲೆ ಇಳಿಜಾರಿಗೆ ಇಳಿಸಿ.